ಅಡಿಕೆ ತೋಟದ ಮನೆಯಲ್ಲಿ ಸೂಕ್ಷ್ಮದರ್ಶಕ: ನಾಲ್ಕು ಮಳೆಗಾಲಗಳ ಬಳಕೆಯ ನಂತರ

ಕಾಲೇಜು ವಿದ್ಯಾರ್ಥಿಗಳು ಬಳಸುವಂಥ, ಒಂದೇ ಕಣ್ಣಿನಿಂದ ನೋಡುವ ಈ ಸೂಕ್ಷ್ಮದರ್ಶಕವನ್ನು ನಾಲ್ಕು ವರ್ಷಗಳ ಹಿಂದೆ 4,500 ರೂಪಾಯಿ ಕೊಟ್ಟು ನಾನು ತರಿಸಿಕೊಂಡದ್ದು ಮಳೆಗಾಲದಲ್ಲಿ ಅಡಿಕೆ ಕಾಯಿಗಳನ್ನು ಕೊಳೆಸಿ ಉದುರಿಸುವ ಕೊಳೆರೋಗವನ್ನು ಕಣ್ಣಾರೆ ನೋಡುವುದಕ್ಕಾಗಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು 1910ರಲ್ಲೇ ಈ ರೋಗದ ಜೀವಿಯನ್ನು ವಿವರಿಸಿದ್ದರು. ಆದರೆ ಪ್ರತಿ ಮಳೆಗಾಲವೂ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಸುವ ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ಅದನ್ನು ಯಾರೂ ನೋಡಿರಲಿಲ್ಲ.

ಬುಡದಲ್ಲಿ ಬಿದ್ದ ಹಸಿರು ಕಾಯಿಗಳಲ್ಲಿ ನೀರು ಕುಡಿದಂಥ ಕಲೆಯಿರುವುದನ್ನು ಆರಿಸಿ, ಒದ್ದೆ ಹತ್ತಿಯೊಂದಿಗೆ ಮುಚ್ಚಳದ ಡಬ್ಬಿಯಲ್ಲಿ ರಾತ್ರಿಯಿಡೀ ಇಡುತ್ತೇನೆ. ಬೆಳಗಿನ ಕಾಫಿ ಮುಗಿಯುವ ಹೊತ್ತಿಗೆ ಕಾಯಿಯ ಮೇಲೆ ಬಿಳಿ ನೂಲು ಹಬ್ಬಿರುತ್ತದೆ. ಅದರಲ್ಲೊಂದು ಎಳೆಯನ್ನು ಸೂಜಿಯಿಂದ ಎತ್ತಿ, ಸ್ಲೈಡಿನ ಮೇಲೆ ಬಾವಿಯ ತಣ್ಣೀರಿನ ಹನಿಯಲ್ಲಿಟ್ಟು, ಕವರ್ ಸ್ಲಿಪ್ ಎಂಬ ತೆಳು ಗಾಜನ್ನು ಮುಚ್ಚಿ, ಮೊದಲು 100 ಪಟ್ಟು, ಬಳಿಕ 400 ಪಟ್ಟು ಹಿಗ್ಗಿಸಿ ನೋಡಿದರೆ ನಿಂಬೆಕಾಯಿ ಆಕಾರದ ಚೀಲಗಳು ಕಾಣುತ್ತವೆ. ಕೆಲವೊಮ್ಮೆ ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಕಾದರೆ ಚೀಲದ ತುದಿ ತೆರೆದು, ಒಳಗಿನ, ರೋಗವನ್ನು ನೀರಿನಲ್ಲಿ ಹರಡುವ ಬೀಜಕಗಳು ಒಂದೊಂದಾಗಿ ಹೊರಬಂದು ಈಜತೊಡಗುತ್ತವೆ. ಕವರ್ ಸ್ಲಿಪ್ಪಿನ ಅಂಚಿನಲ್ಲಿ ಬೋರ್ಡೋ ದ್ರಾವಣದ ಹನಿಯಿಟ್ಟು, ಎದುರು ಅಂಚಿನಿಂದ ಒತ್ತುಕಾಗದದಲ್ಲಿ ಎಳೆದಾಗ ಆ ಈಜು ನಿಂತುಹೋದುದನ್ನು ಕಂಡ ದಿನ ನಾನು ಊಟಕ್ಕೆ ಏಳಲು ಮರೆತಿದ್ದೆ. ಮಳೆ ಹಿಡಿಯುವ ಮೊದಲೇ ಗೊನೆಗೆ ಔಷಧಿ ಏಕೆ ತಾಗಿರಬೇಕು ಎಂಬುದು ನನಗೆ ಅಂದು ಮನದಟ್ಟಾಯಿತು.

ಇಷ್ಟು ಸಂತೋಷ ಕೊಟ್ಟ ಉಪಕರಣವೇ ಮೂರನೆಯ ಮಳೆಗಾಲದಲ್ಲಿ ನನ್ನನ್ನು ಬಹಳ ನೋಯಿಸಿತು. 400 ಪಟ್ಟಿನ ನೋಟ ಮಂಜಾಯಿತು. ಎಷ್ಟು ಒರೆಸಿದರೂ ತಿಳಿಯಾಗಲಿಲ್ಲ. ಮಸೂರವನ್ನು ಬಿಚ್ಚಿ ಬೆಳಕಿಗೆ ಹಿಡಿದಾಗ ಒಳಗಡೆ ಜೇಡರಬಲೆಯಂತೆ ಬೂಷ್ಟು ಹಬ್ಬಿತ್ತು. ಮಾರಿದವರು ಕೊಟ್ಟ, ಒಳಗೆ ಬಟ್ಟೆ ಹೊದಿಸಿದ ಮರದ ಪೆಟ್ಟಿಗೆಯೇ ತೇವ ಹೀರಿಕೊಂಡು ಬೂಷ್ಟಿಗೆ ಆಶ್ರಯವಾಗಿತ್ತು. 800 ಪಟ್ಟು ತೋರಿಸುತ್ತದೆಂದು ಹೊಗಳಿ 20 ಪಟ್ಟಿನ ಐಪೀಸನ್ನೂ (ಕಣ್ಣಿಟ್ಟು ನೋಡುವ ಮಸೂರ) ಜೊತೆಗಿಟ್ಟಿದ್ದವರು, ಮಲೆನಾಡಿನ ಮಳೆಗಾಲದಲ್ಲಿ ಇದನ್ನು ಹೇಗೆ ಇಡಬೇಕೆಂಬ ಒಂದು ಸಾಲನ್ನೂ ಬರೆದಿರಲಿಲ್ಲ. ಆ ಐಪೀಸಾದರೂ ಮಸುಕನ್ನೇ ದೊಡ್ಡದು ಮಾಡುತ್ತದೆಯೇ ಹೊರತು ಹೊಸದೇನನ್ನೂ ತೋರಿಸುವುದಿಲ್ಲ.

ಹೊಸ ಮಸೂರ ಹಾಕಿಸಿದ ಮೇಲೆ ಉಪಕರಣವನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ, ಸಿಲಿಕಾ ಜೆಲ್ಲಿನ ಪೊಟ್ಟಣಗಳೊಂದಿಗೆ ಇಡುತ್ತಿದ್ದೇನೆ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಪೊಟ್ಟಣದಿಂದ ತೆಗೆದು, ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆಷಾಢದಲ್ಲಿ ಇದು ವಾರದ ಕೆಲಸ. ಬಿಸಿಲೇ ಇರದ ಆ ದಿನಗಳಲ್ಲಿ ಸ್ಲೈಡಿಗೆ ಬೆಳಕು ಹಾಯಿಸುವ ಕೆಳಗಿನ ಕನ್ನಡಿ ಉಪಯೋಗಕ್ಕೆ ಬಾರದ ಕಾರಣ ಎಲ್‌ಇಡಿ ದೀಪವನ್ನೂ ಇಟ್ಟುಕೊಂಡಿದ್ದೇನೆ. ಇವೆರಡರ ಖರ್ಚನ್ನು ಸೇರಿಸಿಯೇ ಕೊಳ್ಳುವವರು ಬೆಲೆಯನ್ನು ಲೆಕ್ಕ ಹಾಕಬೇಕು.

ಈಗ ಪಕ್ಕದ ತೋಟದವರೂ ಉದುರಿದ ಕಾಯಿಗಳನ್ನು ಬಾಳೆಯೆಲೆಯಲ್ಲಿ ಸುತ್ತಿ ತರುತ್ತಾರೆ. ಕಳೆದ ವಾರ ತಂದ ಏಳು ಕಾಯಿಗಳಲ್ಲಿ ನಿಂಬೆಯಾಕಾರದ ಚೀಲಗಳು ಕಂಡದ್ದು ಎರಡರಲ್ಲಿ ಮಾತ್ರ.