ವರ್ಷವಿಡೀ ಕೇಳಿದ ಮೇಲೆ ಕಿವಿಯಲ್ಲಿ ಉಳಿದ ರ‍್ಯಾಪ್

ಹೊಸ ಆಲ್ಬಂ ಬಂದ ರಾತ್ರಿಯೇ ಅದಕ್ಕೆ ಅಂಕ ಕೊಡುವವರ ಮಾತನ್ನು ನಾನು ನಂಬುವುದಿಲ್ಲ. ರ‍್ಯಾಪ್‌ನಲ್ಲಿ ಮೊದಲು ಕಿವಿಗೆ ತಟ್ಟುವುದು ಬೀಟ್; ಮಾತು ಒಳಗಿಳಿಯಲು ಹತ್ತು ಸಲವಾದರೂ ಕೇಳಬೇಕು. ತಿಂಗಳಿಗೊಮ್ಮೆ ನಾನು ಬೆಂಗಳೂರಿನಿಂದ ಬಾಗಲಕೋಟೆಗೆ ರಾತ್ರಿ ರೈಲಿನಲ್ಲಿ ಹೋಗುತ್ತೇನೆ. ಮೇಲಿನ ಬರ್ತ್ ಹತ್ತಿ ಇಯರ್‌ಫೋನ್ ಹಾಕಿಕೊಂಡರೆ ನಿದ್ದೆ ಬರುವುದರೊಳಗೆ ಎರಡು ಆಲ್ಬಂಗಳು ಆರಾಮವಾಗಿ ಮುಗಿಯುತ್ತವೆ. 2024ರ ಆಗಸ್ಟ್‌ನಿಂದ 2025ರ ಜುಲೈವರೆಗೆ ಬಂದ ಕೆಲವನ್ನು ಹೀಗೆಯೇ ಮತ್ತೆ ಮತ್ತೆ ಕೇಳಿದ್ದೇನೆ. ಅವುಗಳಲ್ಲಿ ಯಾವುದು ಬಾಳಿಕೆ ಬಂತು, ಯಾವುದು ಸವೆಯಿತು ಎಂದು ಈಗ ಧೈರ್ಯವಾಗಿ ಹೇಳಬಲ್ಲೆ.

ಮೊದಲು ಅಮೆರಿಕದ ರ‍್ಯಾಪರ್ ಕೆಂಡ್ರಿಕ್ ಲಮಾರ್ ಅವರ ‘ಜಿಎನ್‌ಎಕ್ಸ್’. 2024ರ ನವೆಂಬರ್ 22ರಂದು ಯಾವ ಮುನ್ಸೂಚನೆಯೂ ಇಲ್ಲದೆ ಬಂದ ಹನ್ನೆರಡು ಹಾಡುಗಳು. ಹೆಸರು ಒಂದು ಕಾರಿನದು. 1987ರಲ್ಲಿ ಬ್ಯೂಕ್ ಕಂಪನಿ ಕೇವಲ 547 ತಯಾರಿಸಿದ ಕಪ್ಪು ಕಾರು ಅದು. ಲಮಾರ್ ಹುಟ್ಟಿದ್ದೂ ಅದೇ ವರ್ಷ, ಲಾಸ್ ಏಂಜಲೀಸ್ ಪಕ್ಕದ ಕಾಂಪ್ಟನ್‌ನಲ್ಲಿ.

ಈ ಆಲ್ಬಂ ನನಗೆ ಅರ್ಥವಾದದ್ದು ನಮ್ಮ ಕಡೆಯ ಗೀಗೀ ಪದಗಳ ಮೂಲಕ. ಚಿಕ್ಕವನಿದ್ದಾಗ ಅಜ್ಜ ನನ್ನನ್ನು ಜಾತ್ರೆಗೆ ಕರೆದುಕೊಂಡು ಹೋಗಿ ಹರದೇಶಿ–ನಾಗೇಶಿ ಮೇಳಗಳ ಎದುರು ಕೂರಿಸುತ್ತಿದ್ದರು. ಒಂದು ಮೇಳ ಗಂಡು ಹೆಚ್ಚು ಎನ್ನಬೇಕು, ಇನ್ನೊಂದು ಹೆಣ್ಣು ಹೆಚ್ಚು ಎನ್ನಬೇಕು. ದಪ್ಪು, ತುಂತುಣಿಗಳ ನಡುವೆ ಸವಾಲು ಎಸೆದವರಿಗೆ ಅಲ್ಲೇ ನಿಂತು ಜವಾಬು ಕಟ್ಟಿ ಹಾಡಬೇಕು. ತಡವರಿಸಿದರೆ ಜನ ಬಿಡುತ್ತಿರಲಿಲ್ಲ. 2024ರ ಬೇಸಿಗೆಯಲ್ಲಿ ಲಮಾರ್ ಮತ್ತು ಕೆನಡಾದ ರ‍್ಯಾಪರ್ ಡ್ರೇಕ್ ನಡುವೆ ನಡೆದದ್ದೂ ಇಂಥದೇ ಸವಾಲು–ಜವಾಬು, ಆದರೆ ಹಗೆಯ ಬಿಸಿ ಬಹಳ ಹೆಚ್ಚು. ಗೆದ್ದವನು ಮರುದಿನ ಬೆಳಿಗ್ಗೆ ಏನು ಹಾಡಬೇಕು? ಈ ಪ್ರಶ್ನೆಗೆ ಲಮಾರ್ ಕೊಟ್ಟ ಉತ್ತರ ‘ಜಿಎನ್‌ಎಕ್ಸ್’ ಎಂದು ನಾನು ತಿಳಿದಿದ್ದೇನೆ. ದೊಡ್ಡ ಹೆಸರುಗಳನ್ನು ಪಕ್ಕಕ್ಕೆ ಕೂರಿಸಿಕೊಳ್ಳುವ ಬದಲು ಹೊರಗಿನ ಜಗತ್ತಿಗೆ ಅಷ್ಟಾಗಿ ಗೊತ್ತಿಲ್ಲದ ತನ್ನ ಊರಿನ ಹುಡುಗರನ್ನು ಅವರು ವೇದಿಕೆಗೆ ಕರೆದರು. ಹಿಟ್ಟಾ ಜೆ3, ಪೇಸೊ, ಯಂಗ್‌ಥ್ರೆಟ್, ಎಝಡ್ ಚೈಕ್, ಡೋಡಿ6, ಲೆಫ್ಟಿ ಗನ್‌ಪ್ಲೇ. ಒಬ್ಬೊಬ್ಬರದೂ ಬೇರೆ ಬೇರೆ ಓಣಿಯ ದನಿ. ಆಲ್ಬಂ ತೆರೆದುಕೊಳ್ಳುವುದೂ ಡೇರಾ ಬರೇರಾ ಎಂಬ, ಮೆಕ್ಸಿಕೊದ ಮರಿಯಾಚಿ ಶೈಲಿಯ ಗಾಯಕಿಯ ಸ್ಪ್ಯಾನಿಷ್ ಆಲಾಪದಿಂದ. ಆ ನಗರದಲ್ಲಿ ಮೆಕ್ಸಿಕೊ ಮೂಲದವರು ಎಷ್ಟು ಮಂದಿ ಇದ್ದಾರೆಂದು ತಿಳಿದವರಿಗೆ ಆ ದನಿ ಅಲಂಕಾರವಾಗಿ ಕೇಳುವುದಿಲ್ಲ, ಊರಿನ ಹೆಬ್ಬಾಗಿಲಾಗಿ ಕೇಳುತ್ತದೆ.

ಸವೆದದ್ದೂ ಇದೆ. ‘ಹೇ ನೌ’ ಮತ್ತು ‘ಪೀಕಬೂ’ ಮೊದಲ ತಿಂಗಳಲ್ಲಿ ಕೊಟ್ಟ ರೋಮಾಂಚನ ಈಗ ಕೊಡುವುದಿಲ್ಲ. ತಾಳ ಗೊತ್ತಾದ ಮೇಲೆ ಒಳಗೆ ಹೆಚ್ಚೇನೂ ಉಳಿಯಲಿಲ್ಲ. ‘ಟಿವಿ ಆಫ್’ ನಡುವೆ ಬೀಟ್ ಬದಲಾಗುವಾಗ ನಿರ್ಮಾಪಕ ಮಸ್ಟರ್ಡ್ ಅವರ ಹೆಸರನ್ನು ಲಮಾರ್ ಗಂಟಲು ಹರಿಯುವಂತೆ ಕೂಗುವ ಕ್ಷಣ ಗೆಳೆಯನ ಕಾರಿನ ಸ್ಪೀಕರ್‌ನಲ್ಲಿ ಇಂದಿಗೂ ಮೈ ಝುಮ್ಮೆನ್ನಿಸುತ್ತದೆ, ಆದರೆ ಇಯರ್‌ಫೋನ್‌ನಲ್ಲಿ ತಲೆನೋವು. ಎಲ್ಲೆಡೆ ಕೇಳಿಬಂದ ‘ಲೂಥರ್’ ಮಾತ್ರ, ನನ್ನ ಆಶ್ಚರ್ಯಕ್ಕೆ, ಇನ್ನೂ ಹಳಸಿಲ್ಲ. ಅದರ ಅಡಿಯಲ್ಲಿ 1982ರ ಲೂಥರ್ ವ್ಯಾಂಡ್ರಾಸ್ ಮತ್ತು ಶೆರಿಲ್ ಲಿನ್ ಯುಗಳಗೀತೆಯ ತುಣುಕು ಹರಿಯುತ್ತಿರುವುದೇ ಕಾರಣವಿರಬೇಕು. ಮೇಲೆ ಲಮಾರ್ ಮತ್ತು ಗಾಯಕಿ ಸಿಝಾ ಪಿಸುಗುಟ್ಟಿದಂತೆ ಹಾಡುತ್ತಾರೆ, ಕೆಳಗೆ ಹಿಂದಿನ ತಲೆಮಾರು ಎದೆ ತುಂಬಿ ಹಾಡುತ್ತದೆ.

ಆದರೆ ನಾನು ಇಂದಿಗೂ ಹುಡುಕಿಕೊಂಡು ಹೋಗುವ ಹಾಡು ‘ರಿಇನ್‌ಕಾರ್ನೇಟೆಡ್’. ಹಿಂದಿನ ತಲೆಮಾರಿನ ರ‍್ಯಾಪರ್ ಟುಪ್ಯಾಕ್ ಅವರ ಹಾಡೊಂದರ ಬೀಟ್ ಮೇಲೆ ಲಮಾರ್ ತನ್ನ ಹಿಂದಿನ ಜನ್ಮಗಳನ್ನು ಹೇಳುತ್ತಾ ಹೋಗುತ್ತಾರೆ: ಒಮ್ಮೆ ಗಿಟಾರ್ ವಾದಕ, ಒಮ್ಮೆ ಗಾಯಕಿ. ಕೊನೆಗೆ ತಂದೆಯೊಡನೆ ಮಾತು ನಡೆಯುತ್ತದೆ, ಆ ತಂದೆ ದೇವರೇ ಎಂದು ನಿಧಾನವಾಗಿ ತಿಳಿಯುತ್ತದೆ. ಪ್ರಾಸವನ್ನು ಗಮನಿಸಿ. ನಮ್ಮ ಹಳಗನ್ನಡದ ಕವಿಗಳು ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸವನ್ನು ಕಾದರು. ರ‍್ಯಾಪ್ ಕವಿ ಸಾಲಿನ ಕೊನೆಯಲ್ಲಿ ಅದನ್ನು ನೆಟ್ಟು ಹೊಟ್ಟೆಯೊಳಗೂ ಎಳೆದುಕೊಂಡು ಹೋಗುತ್ತಾನೆ. ಈ ಹಾಡಿನಲ್ಲಿ ಒಂದೇ ಪ್ರಾಸದ ದಾರ ತುಂಡಾಗದೆ ಎಷ್ಟು ದೂರ ಓಡುತ್ತದೆ ಎಂಬುದನ್ನು ನಾನು ಕಂಡುಕೊಂಡದ್ದು ಆರು ತಿಂಗಳ ನಂತರ.

ಡೋಚಿ ಅವರ ‘ಅಲಿಗೇಟರ್ ಬೈಟ್ಸ್ ನೆವರ್ ಹೀಲ್’ 2024ರ ಆಗಸ್ಟ್ 30ರಂದು ಬಂತು. ಫ್ಲಾರಿಡಾದ ಟ್ಯಾಂಪಾದ ಈ ಹೆಣ್ಣುಮಗಳು 2025ರ ಫೆಬ್ರುವರಿಯಲ್ಲಿ ಇದಕ್ಕೇ ಅತ್ಯುತ್ತಮ ರ‍್ಯಾಪ್ ಆಲ್ಬಂ ಗ್ರ್ಯಾಮಿ ಪಡೆದರು. ‘ಡಿನಯಲ್ ಈಸ್ ಎ ರಿವರ್’ ಹಾಡಿನಲ್ಲಿ ಆಪ್ತಸಲಹೆಗಾರಳ ದನಿಯೂ ಅವರದೇ, ಸುಳ್ಳು ಹೇಳಿಕೊಳ್ಳುತ್ತಿರುವ ಹುಡುಗಿಯ ದನಿಯೂ ಅವರದೇ. ಕೊನೆಯಲ್ಲಿ ಏದುಸಿರೇ ತಾಳವಾಗುವುದನ್ನು ಕೇಳಿದಾಗಲೆಲ್ಲ ನನ್ನ ಉಸಿರೂ ಬಿಗಿಯುತ್ತದೆ. ಹತ್ತೊಂಬತ್ತು ಹಾಡುಗಳಲ್ಲಿ ರ‍್ಯಾಪ್ ಬಿಟ್ಟು ಮೆಲುವಾಗಿ ಹಾಡುವ ಹಿಂಭಾಗದ ಕೆಲವನ್ನು ನಾನೀಗ ದಾಟಿಸಿಬಿಡುತ್ತೇನೆ.

‘ಟೈಲರ್, ದಿ ಕ್ರಿಯೇಟರ್’ ಎಂಬ ಹೆಸರಿನ ಅಮೆರಿಕದ ರ‍್ಯಾಪರ್ ಅವರ ‘ಕ್ರೊಮಕೋಪಿಯಾ’ದ ಬಗ್ಗೆ ನನ್ನ ಅಭಿಪ್ರಾಯ ಪೂರ್ತಿ ತಿರುಗಿತು. 2024ರ ಅಕ್ಟೋಬರ್‌ನಲ್ಲಿ ಗದ್ದಲವೆನಿಸಿ ಎತ್ತಿಟ್ಟಿದ್ದೆ. ‘ನಾಯ್ಡ್’ ಹಾಡಿನಲ್ಲಿ ಜಾಂಬಿಯಾದ ಎನ್‌ಗೋಜಿ ಫ್ಯಾಮಿಲಿ ತಂಡದ ಹಳೆಯ ಗಿಟಾರ್ ಕೇಳಿಯೇ ಮರಳಿ ಬಂದೆ. ಆಮೇಲೆ ತಿಳಿಯಿತು, ಈ ಆಲ್ಬಂ ಅನ್ನು ಹೊಲಿದಿರುವ ದಾರ ಟೈಲರ್ ಅವರ ತಾಯಿಯ ದನಿ. ಹಾಡುಗಳ ನಡುನಡುವೆ ಆಕೆ ಬುದ್ಧಿ ಹೇಳುತ್ತಾರೆ, ಎಚ್ಚರಿಸುತ್ತಾರೆ. ‘ಲೈಕ್ ಹಿಮ್’ ಹಾಡಿನಲ್ಲಿ ಮಗ ಎಂದೂ ಕಾಣದ ತಂದೆಯನ್ನು ತನ್ನ ಮೈಯಲ್ಲೇ ಹುಡುಕುತ್ತಾನೆ; ಕೊನೆಗೆ ತಾಯಿ, ಆತ ನಿನ್ನ ಜೊತೆ ಇರದೆ ಹೋದದ್ದು ನನ್ನ ತಪ್ಪಿನಿಂದ ಎಂದು ಒಪ್ಪಿಕೊಳ್ಳುತ್ತಾರೆ. ವರ್ಷಗಟ್ಟಲೆ ತನ್ನ ಹಾಡುಗಳಲ್ಲಿ ತಂದೆಯನ್ನು ಬೈದ ಮಗನೇ ಈ ಮಾತನ್ನು ಜಗತ್ತಿಗೆ ಕೇಳಿಸಿದ್ದಾನೆ. ಇದಕ್ಕಿಂತ ದೊಡ್ಡ ಧೈರ್ಯವನ್ನು ನಾನು ಈಚೆಗೆ ಸಂಗೀತದಲ್ಲಿ ಕಂಡಿಲ್ಲ.

ನಮ್ಮ ಬೆಂಗಳೂರಿನ ವೇದಿಕೆಗಳಲ್ಲಿ ಬೆಳೆದ, ಕೇರಳ ಮೂಲದ ಹನುಮಾನ್‌ಕೈಂಡ್ ಅವರ ‘ಮಾನ್ಸೂನ್ ಸೀಸನ್’ 2025ರ ಜುಲೈಯಲ್ಲಿ ಬಂತು. ದನಿಯಲ್ಲಿ ಅವರು ಬಾಲ್ಯ ಕಳೆದ ಹ್ಯೂಸ್ಟನ್ ಇದೆ, ಕಸುವಿಗೆ ಕೊರತೆಯಿಲ್ಲ. ಆದರೂ ಅದೇ ವರ್ಷದ ‘ರನ್ ಇಟ್ ಅಪ್’ ಹಾಡಿನಲ್ಲಿ ಚೆಂಡೆಯ ಮೇಲೆ ರ‍್ಯಾಪ್ ಓಡಿದಾಗ ಸಿಕ್ಕ ಹುರುಪನ್ನು ನಾನು ಆಲ್ಬಂ ಉದ್ದಕ್ಕೂ ಬಯಸಿದ್ದೆ, ಸಿಗಲಿಲ್ಲ.

ಕೊನೆಯದಾಗಿ ಕ್ಲಿಪ್ಸ್ ಎಂಬ ಜೋಡಿ. ವರ್ಜೀನಿಯಾದ ಅಣ್ಣತಮ್ಮಂದಿರಾದ ಮ್ಯಾಲಿಸ್ ಮತ್ತು ಪುಶಾ ಟಿ 2009ರ ನಂತರ ಒಟ್ಟಾಗಿ ಆಲ್ಬಂ ಮಾಡಿರಲಿಲ್ಲ. ನಡುವೆ ಅಣ್ಣ ಹಳೆಯ ಬದುಕಿನ ಹಾಡುಗಳನ್ನು ಬಿಟ್ಟು ದೇವರ ಕಡೆ ಹೊರಳಿದ್ದರು. 2025ರ ಜುಲೈ 11ರಂದು ‘ಲೆಟ್ ಗಾಡ್ ಸಾರ್ಟ್ ಎಮ್ ಔಟ್’ ಬಂತು. ಹದಿಮೂರು ಹಾಡುಗಳು, ಸಂಗೀತ ಫರೆಲ್ ವಿಲಿಯಮ್ಸ್ ಅವರದು. ಮಾದಕ ವಸ್ತು ಮಾರಿದ ದಿನಗಳ ಹೆಮ್ಮೆ ಇದರಲ್ಲೂ ಮರುಕಳಿಸುತ್ತದೆ. ಐವತ್ತರ ಆಸುಪಾಸಿನವರ ಬಾಯಲ್ಲಿ ಅದು ನನಗೆ ರುಚಿಸುವುದಿಲ್ಲ, ‘ಸೋ ಬಿ ಇಟ್’ನಲ್ಲಿ ಸೌದಿಯ ತಲಾಲ್ ಮದ್ದಾಹ್ ಅವರ ಹಾಡಿನ ತಂತಿಗಳು ಎಷ್ಟೇ ಸೊಗಸಾಗಿ ಮಿಡಿದರೂ.

ಆದರೆ ಮೊದಲ ಹಾಡು ‘ದಿ ಬರ್ಡ್ಸ್ ಡೋಂಟ್ ಸಿಂಗ್’ ಒಂದಕ್ಕಾಗಿ ಎಲ್ಲವನ್ನೂ ಕ್ಷಮಿಸುತ್ತೇನೆ. ಅವರ ತಾಯಿ ತೀರಿಕೊಂಡ ಕೆಲವೇ ತಿಂಗಳಲ್ಲಿ ತಂದೆಯೂ ಹೋದರು. ತಮ್ಮ ಪುಶಾ ಟಿ ತಾಯಿಯ ಬಗ್ಗೆ ಹಾಡುತ್ತಾನೆ, ಅಣ್ಣ ಮ್ಯಾಲಿಸ್ ತಂದೆಯ ಬಗ್ಗೆ. ಮನೆಯ ಮುಂದೆ ತಂದೆಯ ಕಾರು ನಿಂತಿದೆ. ಮಗ ಬಾಗಿಲು ತಟ್ಟುತ್ತಾನೆ. ಮೂರನೆಯ ಸಲ ತಟ್ಟುವಷ್ಟರಲ್ಲಿ ಅವನ ಮೈ ತಣ್ಣಗಾಗುತ್ತದೆ. ಹೆಂಡತಿಯನ್ನು ಒಬ್ಬಳೇ ಹೋಗಲು ಬಿಡದೆ ಹಿಂದೆಯೇ ಹೊರಟ ಮನುಷ್ಯ ಎಂದು ತಂದೆಯನ್ನು ನೆನೆಯುತ್ತಾನೆ. ಬೀಟ್ ಎಲ್ಲಿಯೂ ಅಳುವುದಿಲ್ಲ, ಡ್ರಮ್ ತನ್ನ ಪಾಡಿಗೆ ನಡೆಯುತ್ತಿರುತ್ತದೆ, ಅದೇ ಕರುಳು ಹಿಂಡುತ್ತದೆ.

ಅಮ್ಮ ಹೋದ ಮೇಲೆ ನನ್ನ ಅಪ್ಪ ಊರಿನಲ್ಲಿ ಒಬ್ಬರೇ ಇದ್ದಾರೆ. ರೈಲು ಇಳಿದು, ಆಟೊ ಹಿಡಿದು, ಮನೆಯ ಕದ ತಟ್ಟುತ್ತೇನೆ. ಅವರಿಗೆ ಮಂಡಿನೋವು, ಏಳಲು ಹೊತ್ತು ಹಿಡಿಯುತ್ತದೆ. ಇತ್ತೀಚೆಗೆ ನಾನು ಮೂರನೆಯ ಸಲ ತಟ್ಟುವುದಿಲ್ಲ. ಒಳಗಿನಿಂದ ಅವರ ಚಪ್ಪಲಿಯ ಸದ್ದು ಬರುವವರೆಗೆ ಕಾಯುತ್ತಾ ನಿಲ್ಲುತ್ತೇನೆ.