ಆರ್‌ಸಿ ಕಾರಿನ ಮೋಟರ್ ವೈರ್ ಸೋಲ್ಡರಿಂಗ್ ಹೊರಗಡೆ ಮಾಡ್ಸೋರು ದಯವಿಟ್ಟು ಓದಿ

ಆರ್‌ಸಿ ಕಾರ್ (ರಿಮೋಟಲ್ಲಿ ಓಡ್ಸೋ ಚಿಕ್ಕ ಕಾರ್) ಇಟ್ಕೊಂಡಿರೋರು ಎಲ್ರೂ ಇದನ್ನ ಪೂರ್ತಿ ಓದಿ. ಮೋಟರ್ ವೈರಿನ ಬೆಸುಗೆನ ಕಣ್ಮುಂದೆ ಮಾಡ್ಸದೆ, ಹೀಟ್ ಶ್ರಿಂಕ್ (ಬಿಸಿ ಮಾಡಿದ್ರೆ ಜಾಯಿಂಟ್ ಮೇಲೆ ಬಿಗಿಯಾಗೋ ಪ್ಲಾಸ್ಟಿಕ್ ಕೊಳವೆ) ಹಾಕೋ ಮುಂಚೆ ಕೈಯಲ್ಲಿ ಹಿಡಿದು ನೋಡ್ದೆ ಯಾರಿಗೂ ದುಡ್ಡು ಕೊಡ್ಬೇಡಿ. ಸಿಟ್ಟಲ್ಲಿ ಬರೀತಿದೀನಿ, ಹೇಳಿದ್ದೇ ಮತ್ತೆ ಹೇಳಿದ್ರೆ ಬೇಜಾರ್ ಮಾಡ್ಕೋಬೇಡಿ.

ನನ್ ಗಾಡಿ 1/10 ಸ್ಕೇಲ್ ಬಗ್ಗಿ, ಅಂದ್ರೆ ಮಣ್ಣಲ್ಲಿ ಓಡೋ ಥರದ ಕಾರು. 3650 ಸೈಜಿನ ಸೆನ್ಸರ್ ಇಲ್ದಿರೋ ಬ್ರಷ್‌ಲೆಸ್ ಮೋಟರ್, 60 ಆಂಪ್ಸ್ ಇಎಸ್‌ಸಿ (ಮೋಟರಿನ ಸ್ಪೀಡ್ ಕಂಟ್ರೋಲ್ ಮಾಡೋ ಸರ್ಕ್ಯೂಟು), 2ಎಸ್ ಲೈಪೋ ಬ್ಯಾಟ್ರಿ (ಎರಡು ಸೆಲ್ಲಿನ ಲಿಥಿಯಂ ಬ್ಯಾಟ್ರಿ). ಮೋಟರಿಂದ ಬರೋ ಮೂರು ವೈರಲ್ಲಿ ಒಂದು, ಬುಲೆಟ್ ಕನೆಕ್ಟರ್ (ವೈರ್ ತುದಿಗೆ ಬೆಸೆಯೋ ಗುಂಡನೆ ಪಿನ್ನು) ಹತ್ರ ಕಿತ್ತು ಬಂದಿತ್ತು, ಇನ್ನೆರಡೂ ಎಳೆ ಎಳೆಯಾಗಿ ಬಿಚ್ಕೊಂಡಿದ್ವು. ನನ್ ಹತ್ರ ಇರೋದು 25 ವ್ಯಾಟಿನ ಐರನ್, ಸಣ್ಣ ಬೋರ್ಡ್ ಕೆಲಸಕ್ಕೆ ಸಾಕು, ಆದ್ರೆ 12 ಗೇಜಿನ ದಪ್ಪ ತಾಮ್ರದ ವೈರಿಗೆ ಮುಟ್ಸಿದ್ರೆ ಬಿಸಿಯೆಲ್ಲಾ ವೈರೇ ಎಳ್ಕೊಂಡ್ಬಿಡುತ್ತೆ, ಲೆಡ್ (ಬೆಸುಗೆಗೆ ಕರಗಿಸೋ ಲೋಹ) ಒಳಗೆ ಇಳಿಯೋದೇ ಇಲ್ಲ. ಇದಕ್ಕೆ 60 ವ್ಯಾಟ್ ಆದ್ರೂ ಇರೋ ಐರನ್ನು, ದಪ್ಪ ಟಿಪ್ಪು ಬೇಕು. ಬೆಂಗಳೂರಿಗೆ, ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್‌ಪಿ ರೋಡಿಗೆ ಹೋಗಿ ಬರೋಕೆ ರಜ ಸಿಗ್ಲಿಲ್ಲ, ಅದಕ್ಕೆ ಇಲ್ಲೇ ತುಮಕೂರಲ್ಲಿ ಒಂದು ಮೊಬೈಲ್ ರಿಪೇರಿ ಅಂಗಡಿಗೆ ಕೊಟ್ಟೆ. ಡ್ರೋನು, ಆರ್‌ಸಿ ಎಲ್ಲಾ ರಿಪೇರಿ ಮಾಡ್ತೀವಿ ಅಂತ ಬೋರ್ಡೇ ಹಾಕಿದ್ರು.

ಮಾತು ಏನಾಗಿತ್ತು ಅಂದ್ರೆ, 12 ಗೇಜ್ ಸಿಲಿಕಾನ್ ವೈರು, ಹೊಸ 4 ಎಂಎಂ ಬುಲೆಟ್ಟು, ಮೇಲೆ ಹೀಟ್ ಶ್ರಿಂಕು, ಎಲ್ಲಾ ಸೇರಿ 650 ರೂಪಾಯಿ. ಚೌಕಾಸಿನೂ ಮಾಡ್ಲಿಲ್ಲ. ಒಳ್ಳೆ ಕೆಲಸ ಆದ್ರೆ ಸಾಕು ಅಂತ ಬಾಯ್ಬಿಟ್ಟು ಹೇಳಿದ್ದೆ. "ನಾಳೆ ಸಂಜೆ ಬನ್ನಿ ಸಾರ್, ಫ್ಯಾಕ್ಟ್ರಿ ಫಿನಿಶಿಂಗ್ ಕೊಡ್ತೀನಿ" ಅಂದ ಅಂಗಡಿಯವನು.

ಮಾರನೇ ದಿನ ಹೋದೆ. ನೋಡೋಕೆ ಚೆನ್ನಾಗೇ ಇತ್ತು, ಮೂರೂ ವೈರಿಗೆ ಕಪ್ಪು ಹೀಟ್ ಶ್ರಿಂಕ್ ಬಿಗಿಯಾಗಿ ಕೂತಿತ್ತು. ಜಾಯಿಂಟ್ ಹೇಗಿದೆ ಅಂತ ಕೇಳಿದ್ದಕ್ಕೆ ಮಲ್ಟಿಮೀಟರ್ ತಗೊಂಡು ಎರಡು ಬುಲೆಟ್ಟಿಗೆ ಮುಟ್ಸಿದ, ಬೀಪ್ ಅಂತು. "ನೋಡಿ ಸಾರ್, ಪಕ್ಕಾ!" ಅಂದ. ಮತ್ತೆ ಬೇರೆ ಎರಡಕ್ಕೆ ಮುಟ್ಸಿದ, ಮತ್ತೆ ಬೀಪ್. ನನ್ ಮುಖ ನೋಡ್ಕೊಂಡು ನಗ್ತಾ ನಗ್ತಾ ತೋರ್ಸಿದ.

ಆ ಬೀಪೇ ಮೋಸ. ಬ್ರಷ್‌ಲೆಸ್ ಮೋಟರಲ್ಲಿ ಮೂರೂ ವೈರು ಒಳಗಡೆ ವೈಂಡಿಂಗಲ್ಲಿ (ತಾಮ್ರದ ಸುರುಳಿಯಲ್ಲಿ) ಒಂದಕ್ಕೊಂದು ಸೇರಿರ್ತವೆ, ರೆಸಿಸ್ಟೆನ್ಸ್ ಹೆಚ್ಚುಕಮ್ಮಿ ಸೊನ್ನೆ, ಯಾವ ಎರಡಕ್ಕೆ ಮುಟ್ಸಿದ್ರೂ ಬೀಪ್ ಬಂದೇ ಬರುತ್ತೆ. ಜಾಯಿಂಟಲ್ಲಿ ಒಂದೇ ಒಂದು ಎಳೆ ತಾಗಿದ್ರೂ ಬರುತ್ತೆ. ಬೀಪ್ ಬಂತು ಅಂದ್ರೆ ಕರೆಂಟ್ ತಡ್ಕೊಳ್ಳುತ್ತೆ ಅಂತಲ್ಲ. ದಿನಾ ಮೀಟರ್ ಹಿಡಿಯೋನಿಗೆ ಇದು ಗೊತ್ತಿಲ್ದೆ ಇರುತ್ತಾ? ಗೊತ್ತಿದ್ದೇ ತೋರ್ಸಿದಾನೆ. ಇದನ್ನ ನೆನೆಸ್ಕೊಂಡ್ರೆ ಈಗ್ಲೂ ಮೈ ಉರಿಯುತ್ತೆ.

ಭಾನುವಾರ ಗ್ರೌಂಡಿಗೆ ತಗೊಂಡ್ಹೋದೆ, ಅಕ್ಕನ ಮಕ್ಕಳು, ಅವ್ರ ಫ್ರೆಂಡ್ಸು ಎಲ್ಲಾ ಸುತ್ತ ನಿಂತಿದ್ರು. ಟ್ರಿಗರ್ ಒತ್ತಿದ್ರೆ ಗಾಡಿ ಮುಂದೆ ಹೋಗೋದು ಬಿಟ್ಟು ನಿಂತ ಜಾಗದಲ್ಲೇ ಗರಗರ ಅಂತ ನಡುಗ್ತು. ಸೆನ್ಸರ್ ಇಲ್ದಿರೋ ಮೋಟರಲ್ಲಿ ಮೂರು ಫೇಸಲ್ಲಿ, ಅಂದ್ರೆ ಆ ಮೂರು ವೈರಲ್ಲಿ, ಒಂದು ಸರಿಯಾಗಿ ಸಿಕ್ಕಿಲ್ಲ ಅಂದ್ರೆ ಹಿಂಗೇ ಆಗೋದು, ರೋಟರ್ (ಮೋಟರಿನ ತಿರುಗೋ ಭಾಗ) ಎಲ್ಲಿದೆ ಅಂತ ಇಎಸ್‌ಸಿಗೆ ಗೊತ್ತೇ ಆಗಲ್ಲ. ಬುಲೆಟ್ಟೆಲ್ಲಾ ಬಿಗಿಯಾಗೇ ಕೂತಿದ್ವು. ಇನ್ನೊಂದ್ಸಲ ಟ್ರಿಗರ್ ಒತ್ತಿದೆ, ಎಗರಿ ಸ್ವಲ್ಪ ದೂರ ಓಡ್ತು, ಚಟ್ ಅಂತು, ಹೊಗೆ ಬಂತು. ಇಎಸ್‌ಸಿ ಹೋಯ್ತು. ಬ್ಯಾಟ್ರಿ ಪ್ಲಗ್ ಕಿತ್ತಾಕೋಷ್ಟರಲ್ಲಿ ಸುಟ್ಟ ವಾಸನೆ. ಲೈಪೋಗೆ ಬೆಂಕಿ ಹತ್ಕೊಂಡಿದ್ರೆ? ಮಕ್ಕಳು ಅಷ್ಟು ಹತ್ರ ನಿಂತಿದ್ವು!

ಮನೆಗೆ ಬಂದು ಬ್ಲೇಡಲ್ಲಿ ಹೀಟ್ ಶ್ರಿಂಕ್ ಸೀಳಿದೆ. ಒಳಗಡೆ ಇನ್ಸುಲೇಷನ್ ಟೇಪು, ಅಂಟು ಕರಗಿ ಜಿಗಿಜಿಗಿ ಆಗಿತ್ತು. ಟೇಪ್ ಬಿಚ್ಚಿದ್ರೆ ಎರಡು ವೈರ್ ಸುಮ್ನೆ ತಿರುಚಿ ಮೇಲೊಂದು ಲೆಡ್ ಉಂಡೆ ಕೂರ್ಸಿದಾನೆ ಅಷ್ಟೇ. ಹೊಳಪಿಲ್ಲ, ಬೂದಿ ಬಣ್ಣ, ಮೇಲೆಲ್ಲಾ ಒರಟು. ಉಗುರಲ್ಲಿ ಎಳೆದೆ, ವೈರು ಹಾಗೇ ಈಚೆ ಬಂತು, ಒಳಗಿನ ತಾಮ್ರಕ್ಕೆ ಲೆಡ್ ಸೋಕೇ ಇಲ್ಲ! ಸುತ್ತ ಹಳದಿ ಪೇಸ್ಟು, ತಗಡು ಬೆಸುಗೆಗೆ ಹಚ್ತಾರಲ್ಲ ಆ ಆಸಿಡ್ ಪೇಸ್ಟು, ಆಗ್ಲೇ ಹಸಿರು ಕಟ್ಟೋಕೆ ಶುರುವಾಗಿತ್ತು. ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ರೋಸಿನ್ ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡೀಲಿ ಅಂತ ಹಚ್ಚೋ ರಾಳ) ಬಿಟ್ರೆ ಆಸಿಡ್ ಪೇಸ್ಟ್ ಯಾರೂ ಮುಟ್ಟಲ್ಲ.

ಆಮೇಲೆ ವೈರು. ಮೋಟರಿನ ಸಿಲಿಕಾನ್ ವೈರ್‌ನ ಮೋಟರ್ ಹತ್ರಕ್ಕೆ ಕಟ್ ಮಾಡಿ ಬೇರೆ ವೈರ್ ಸೇರ್ಸಿದಾನೆ. ಹೊರಗಿಂದ ಅದೇ ದಪ್ಪ. ಕಟ್ ಮಾಡಿ ಬಾಯಿ ನೋಡಿದ್ರೆ ಮುಕ್ಕಾಲು ಪಾಲು ಪಿವಿಸಿ, ನಡುವೆ ಒಂದು ಹಿಡಿ ಎಳೆನೂ ಇಲ್ಲ. ಸಿಲಿಕಾನ್ ವೈರ್ ಬೆರಳಿಗೆ ಸುತ್ಕೊಂಡ್ರೆ ಮೆತ್ತಗೆ ಸುತ್ಕೊಳ್ಳುತ್ತೆ, 200 ಡಿಗ್ರಿ ತನಕ ಬಿಸಿ ತಡೆಯುತ್ತೆ. ಇದು ಬಗ್ಗಿಸಿದ ಹಾಗೆ ನಿಂತ್ಕೊಂಡಿತ್ತು. ಲೆಕ್ಕ ಹಾಕಿ ನೋಡಿ, 40 ಆಂಪ್ಸ್ ಹರಿಯೋ ಜಾಗದಲ್ಲಿ ಬರೀ 10 ಮಿಲಿ ಓಮ್ ರೆಸಿಸ್ಟೆನ್ಸ್ ಇದ್ರೂ 16 ವ್ಯಾಟ್ ಬಿಸಿ ಆ ಒಂದು ಜಾಯಿಂಟಲ್ಲೇ ಹುಟ್ಟುತ್ತೆ, ಸಣ್ಣ ಸೋಲ್ಡರಿಂಗ್ ಐರನ್ ಆನ್ ಮಾಡಿ ಗಾಡಿ ಒಳಗೆ ಇಟ್ಟಂಗೆ. ಜಾಯಿಂಟ್ ಕಾದು ಟೇಪ್ ಕರಗಿದೆ, ಫೇಸ್ ಸರಿಯಾಗಿ ಸಿಗದೆ ಇಎಸ್‌ಸಿ ಸುಟ್ಟಿದೆ. ಇಷ್ಟೇ ಕಥೆ.

ಫೋಟೋ ಎಲ್ಲಾ ತೆಗೆದು ಅಂಗಡಿಯವನಿಗೆ ವಾಟ್ಸಾಪ್ ಮಾಡಿದೆ. ಉತ್ತರ ಕೇಳಿ. ಮೊದ್ಲು "ಫುಲ್ ಸ್ಪೀಡಲ್ಲಿ ಓಡ್ಸಿದೀರ ಸಾರ್, ಅದಕ್ಕೇ." ಆರ್‌ಸಿ ಕಾರನ್ನ ಶೋಕೇಸಲ್ಲಿ ಇಡ್ಬೇಕಿತ್ತಾ? ಆಮೇಲೆ "ನೀರಲ್ಲಿ ಬಿಟ್ಟಿದೀರ ಅನ್ಸುತ್ತೆ, ಹಸಿರು ಬಂದಿದೆ ನೋಡಿ" ಅಂತ. ಅವನ ಪೇಸ್ಟಿನ ಹಸಿರನ್ನ ನನ್ ತಲೆಗೆ ಕಟ್ಟಿದ! ಸಿಲಿಕಾನ್ ವೈರ್ ಎಲ್ಲಿ ಅಂದ್ರೆ "ಅದೂ ಇದೂ ಎರಡೂ ಕಾಪರ್ರೇ ಅಲ್ವಾ ಸಾರ್." ಇಎಸ್‌ಸಿ ದುಡ್ಡು ಯಾರು ಕೊಡ್ತಾರೆ ಅಂದ್ರೆ "ಚೈನಾ ಮಾಲಿಗೆ ನಾವು ಗ್ಯಾರಂಟಿ ಕೊಡಲ್ಲ." ಹೋಗ್ಲಿ 650 ಆದ್ರೂ ವಾಪಸ್ ಕೊಡಪ್ಪಾ ಅಂದ್ರೆ "ಆಟದ ಸಾಮಾನಿಗೆ ಯಾಕ್ ಸಾರ್ ಇಷ್ಟು ತಲೆ ಕೆಡಿಸ್ಕೋತೀರ." ಅಲ್ಲಿಗೆ ಮಾತು ಬಂದ್. ಮೆಸೇಜ್ ನೋಡ್ತಾನೆ, ಉತ್ತರ ಇಲ್ಲ.

ಅಂಗಡಿಗೇ ಹೋಗಿ ಕೇಳಿದೆ. ಇನ್ನೊಬ್ಬ ಕಸ್ಟಮರ್ ಮುಂದೆ "ಇವ್ರು ಮಕ್ಕಳ ಕಾರ್ ತಂದು ಜಗಳ ಆಡ್ತಿದಾರೆ" ಅಂದ. ಆ ಮನುಷ್ಯ ನನ್ನ ಒಂಥರಾ ನೋಡಿದ. ನಾಚ್ಕೆ ಆಯ್ತು, ನಾಚ್ಕೆ ಆಗ್ಬೇಕಾಗಿದ್ದು ಅವನಿಗೆ, ಆದ್ರೆ ತಲೆ ತಗ್ಸಿ ಆಚೆ ಬಂದಿದ್ದು ನಾನು. 650 ಹೋದ್ರೆ ಹೋಗ್ಲಿ, ಹೊಸ ಇಎಸ್‌ಸಿಗೆ ಎರಡು ಸಾವಿರದ ಮೇಲೆ ಬೇಕು ಈಗ.

ಕೊಡ್ಲೇಬೇಕು ಅಂದ್ರೆ ಪಕ್ಕದಲ್ಲೇ ನಿಂತು ಮಾಡ್ಸಿ. ಬುಲೆಟ್ ಒಳಗೆ ಲೆಡ್ ಕರಗಿ ತುಂಬ್ಬೇಕು, ಎಳೆಗಳ ನಡುವೆ ಇಳೀಬೇಕು, ತಣ್ಣಗಾದ್ಮೇಲೆ ಜೋರಾಗಿ ಎಳೆದು ನೋಡಿ, ಆಮೇಲೇ ಹೀಟ್ ಶ್ರಿಂಕ್. ವೈರಿನ ತುದಿ ಸುಲಿದು ತೋರ್ಸು ಅನ್ನಿ. ಮೀಟರ್ ಎತ್ತಿ ಬೀಪ್ ಕೇಳ್ಸೋಕೆ ಬಂದ್ರೆ ಗಾಡಿ ಎತ್ಕೊಂಡು ಬನ್ನಿ. ಮೋಟರ್ ವೈರನ್ನ ತೀರಾ ಬುಡಕ್ಕೆ ಕಟ್ ಮಾಡೋಕೆ ಬಿಡ್ಲೇಬೇಡಿ, ಅಲ್ಲಿಗೆ ಹೋದ್ರೆ ವೈಂಡಿಂಗ್ ಮೇಲಿನ ಎನಾಮಲ್ ಲೇಪ ಕೆರೆದು ಬೆಸೀಬೇಕು, ಮೋಟರೇ ಹೋಗ್ಬೋದು. ನಂದು ಅರ್ಧ ಇಂಚು ಉಳಿದಿದೆ, ಅದೇ ಪುಣ್ಯ.

ಅಂಗಡಿ ಹೆಸರು ಇಲ್ಲಿ ಬರೆಯಲ್ಲ. ಕಟ್ ಮಾಡಿದ ಜಾಯಿಂಟು, ಆ ವೈರು, ಚಾಟು ಎಲ್ಲಾ ಇಟ್ಕೊಂಡಿದೀನಿ. 60 ವ್ಯಾಟ್ ಐರನ್ ಆರ್ಡರ್ ಮಾಡಿದೀನಿ, ಮುಂದಿನ ಜಾಯಿಂಟ್ ನಾನೇ ಹಾಕೋದು. ದುಡ್ಡಂತೂ ಅವನು ವಾಪಸ್ ಕೊಡೋ ತನಕ ಕೇಳೋದು ಬಿಡಲ್ಲ.