ಶಿಯಾನ್ ಸುತ್ತಲು ಬಸ್ ಟೂರ್, ಫೋನ್, ಸ್ಥಳೀಯ ಗೈಡ್: ಮೂರನ್ನೂ ಮಾಡಿ ನೋಡಿದೆ

ಚೀನಾದ ಶಿಯಾನ್‌ಗೆ ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಆಫೀಸ್ ಕೆಲಸದ ಮೇಲೆ ಹೋದಾಗ ಒಂದು ಭಾನುವಾರ ಬಸ್ ಟೂರ್ ಹತ್ತಿದೆ. ಎರಡನೇ ಸಲ ಆಯಿ ಜೊತೆಗಿದ್ದಳು. ನಮ್ಮ ಶಿರಸಿ ಕಡೆ ಅಮ್ಮನಿಗೆ ಆಯಿ ಅನ್ನುತ್ತೇವೆ. ಆಗ ಒಂದು ದಿನ ಬರೀ ಫೋನ್ ನಂಬಿಕೊಂಡು ಓಡಾಡಿದೆವು, ಮರುದಿನ ಸ್ಥಳೀಯ ಗೈಡ್ ಒಬ್ಬರನ್ನು ಗೊತ್ತು ಮಾಡಿಕೊಂಡೆವು. ನನ್ನ ಓಟು ಗೈಡ್‌ಗೆ. ಆದರೆ ಎಲ್ಲ ಕಡೆಗೂ ಅಲ್ಲ.

ಮೊದಲು ಬಸ್ ಟೂರ್ ವಿಷಯ. ಚೀನಾದ ಮೊದಲ ಚಕ್ರವರ್ತಿಯ ಸಮಾಧಿ ಕಾಯಲೆಂದು ಹೂತಿಟ್ಟ ಮಣ್ಣಿನ ಸೈನಿಕರ ಮ್ಯೂಸಿಯಂ ಇರುವುದು ಲಿನ್‌ಟಾಂಗ್‌ನಲ್ಲಿ, ಊರಿಂದ ಪೂರ್ವಕ್ಕೆ ಸುಮಾರು 40 ಕಿ.ಮೀ. ನಮ್ಮ ಬಸ್ಸು ಅದಕ್ಕೂ ಮೊದಲು ಗೊಂಬೆ ಮಾರುವ ಅಂಗಡಿ ಮುಂದೆ ನಿಂತಿತು. ಮುಕ್ಕಾಲು ಗಂಟೆ ಅಲ್ಲೇ ಹೋಯಿತು. ಮ್ಯೂಸಿಯಂ ಒಳಗೆ ಮೂವತ್ತು ಜನ ಒಂದು ಪುಟ್ಟ ಬಾವುಟದ ಹಿಂದೆ ನಡೆದೆವು. ಸೈನಿಕರು ನಿಂತಿರುವ ಒಂದನೇ ಗುಂಡಿಯ ಕಟಾಂಜನದ ಹತ್ತಿರ ನನಗೆ ಜಾಸ್ತಿ ಕಂಡದ್ದು ಮುಂದಿನವರು ಎತ್ತಿ ಹಿಡಿದ ಫೋನುಗಳು. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಇವು ಸಿಕ್ಕಿದ್ದು, ಒಟ್ಟು ಸುಮಾರು 8,000 ಸೈನಿಕರು ಇರಬಹುದು ಅನ್ನುವ ಅಂದಾಜು, ಇಷ್ಟನ್ನು ಇಯರ್‌ಫೋನ್‌ನಲ್ಲಿ ಕೇಳಿಸಿಕೊಂಡೆ. ಟಿಕೆಟ್, ಊಟ, ಓಡಾಟ ಎಲ್ಲ ಅವರದೇ, ದುಡ್ಡೂ ಕಡಿಮೆ. ಒಬ್ಬರೇ ಇದ್ದು, ಇರುವುದು ಒಂದೇ ದಿನ ಅಂದರೆ ಸಾಕು.

ಫೋನ್ ಹಿಡಿದು ಹೋದ ದಿನ ಅರ್ಧ ಸೊಗಸು, ಅರ್ಧ ಕಷ್ಟ. ಮೆಟ್ರೋ ತುಂಬ ಸುಲಭ, ಸ್ಟೇಷನ್ ಹೆಸರುಗಳು ಇಂಗ್ಲಿಷ್‌ನಲ್ಲೂ ಇವೆ. ಫೋನಿನಲ್ಲೇ ದುಡ್ಡು ಕೊಡುವ ಅಲಿಪೇ ಆ್ಯಪ್‌ಗೆ ಮೊದಲೇ ಕಾರ್ಡ್ ಸೇರಿಸಿಕೊಂಡಿದ್ದರಿಂದ ಚಿಲ್ಲರೆಯ ತಾಪತ್ರಯ ಇರಲಿಲ್ಲ. ಯೋಂಗ್‌ನಿಂಗ್‌ಮೆನ್ ಸ್ಟೇಷನ್‌ನಲ್ಲಿ ಇಳಿದರೆ ಊರ ಕೋಟೆಯ ದಕ್ಷಿಣದ ಬಾಗಿಲು ಅಲ್ಲೇ. ಮಿಂಗ್ ಅರಸರ ಕಾಲದ ಗೋಡೆ ಇದು. ಸುತ್ತಳತೆ 13.7 ಕಿ.ಮೀ., ಎತ್ತರ 12 ಮೀಟರ್. ಮೇಲೆ ರಸ್ತೆಯಷ್ಟು ಅಗಲ ಇದೆ, ಸೈಕಲ್ ಬಾಡಿಗೆಗೆ ಸಿಗುತ್ತದೆ. ಆಯಿ ಬ್ಯಾಟರಿ ಗಾಡಿಯಲ್ಲಿ ಕೂತಳು, ನಾನು ಸೈಕಲ್ ತುಳಿದೆ. ಇಲ್ಲಿ ಗೈಡ್ ಇದ್ದರೆ ಸುಮ್ನೆ ದುಡ್ಡು ದಂಡ.

ತೊಂದರೆ ಆದದ್ದು ಊಟಕ್ಕೆ. ಮೆನುವಿನ ಫೋಟೋ ತೆಗೆದರೆ ಫೋನ್ ತರಕಾರಿ ನೂಡಲ್ ಅಂತ ತೋರಿಸಿತು. ಬಂದ ಬಟ್ಟಲಲ್ಲಿ ಸೊಪ್ಪು, ತರಕಾರಿ ಎಲ್ಲ ಇತ್ತು. ಸಾರು ಮಾತ್ರ ಕುರಿ ಮೂಳೆ ಬೇಯಿಸಿದ್ದು. ಆಯಿ ವಾಸನೆಗೇ ಗುರುತು ಹಿಡಿದು ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಆ ಮಧ್ಯಾಹ್ನ ಅವಳು ಬರೀ ಬಾಳೆಹಣ್ಣು ತಿಂದು ಕಳೆದದ್ದು ನನಗೆ ಈಗಲೂ ಸಂಕಟದ ವಿಷಯ.

ಗೈಡ್‌ಗೆ ಬಸ್ ಟೂರಿನ ಎರಡೂವರೆ ಪಟ್ಟು ಕೊಟ್ಟೆ. ಅಂಗಡಿಗೆ ಕರೆದೊಯ್ಯಬಾರದು ಅಂತ ಮೊದಲೇ ಮೆಸೇಜ್‌ನಲ್ಲಿ ಬರೆಸಿಕೊಂಡೆ. ನೀವೂ ಹಾಗೇ ಮಾಡಿ, ಲೈಸೆನ್ಸ್ ಕಾರ್ಡ್ ತೋರಿಸಲು ಕೇಳಿ. ಬೆಳಿಗ್ಗೆ ಬಂದವರೇ ಅಮ್ಮನನ್ನು "ಆಯಿ" ಅಂದರು! ಅಲ್ಲಿ ತಾಯಿ ವಯಸ್ಸಿನ ಹೆಂಗಸರನ್ನು ಕರೆಯುವುದೇ ಹಾಗಂತೆ. ಅಲ್ಲಿಂದ ಇಬ್ಬರೂ ಕೈ ಕೈ ಹಿಡಿದೇ ನಡೆದರು.

ಅದೇ ಮ್ಯೂಸಿಯಂ, ಆದರೆ ನಾನು ಹಿಂದೆ ನೋಡಿದ್ದೇ ಅಲ್ಲವೇನೋ ಅನ್ನಿಸಿತು. ಗುಂಪುಗಳೆಲ್ಲ ಒಂದನೇ ಗುಂಡಿಗೆ ನುಗ್ಗುವಾಗ ಅವರು ನಮ್ಮನ್ನು ಎರಡನೆಯದಕ್ಕೆ ಕರೆದೊಯ್ದರು. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಮಂಡಿಯೂರಿದ ಬಿಲ್ಲುಗಾರ ಇದ್ದಾನೆ. "ಮುಖ ಆಮೇಲೆ, ಮೊದಲು ಹಿಂದೆ ಬನ್ನಿ" ಅಂದರು. ಮಡಚಿದ ಕಾಲಿನ ಜೋಡಿನ ಅಟ್ಟೆ ಕಾಣುತ್ತದೆ. ಅದರಲ್ಲಿ ಒಂದೊಂದು ಹೊಲಿಗೆಯನ್ನೂ ಕೊರೆದಿದ್ದಾರೆ. ಬೆರಳು ಮತ್ತು ಹಿಮ್ಮಡಿ ಹತ್ತಿರ ಒತ್ತೊತ್ತಾಗಿ, ನಡುವೆ ಬಿಡಿಬಿಡಿಯಾಗಿ. ಸವೆಯುವ ಕಡೆ ಜಾಸ್ತಿ ಹೊಲಿಗೆ! ಎರಡು ಸಾವಿರ ವರ್ಷಕ್ಕೂ ಹಿಂದಿನ ಚಮ್ಮಾರನ ಲೆಕ್ಕಾಚಾರ ಅದು. ಈ ಸೈನಿಕರಿಗೆಲ್ಲ ಬಣ್ಣ ಬಳಿದಿತ್ತು, ಅಗೆದು ಹೊರಗೆ ತೆಗೆದಾಗ ಒಣಗಾಳಿಗೆ ಬಣ್ಣದ ಅಡಿಯ ಮರದ ಅಂಟಿನ ಪದರ ಸುರುಳಿಯಾಗಿ ಬಣ್ಣದ ಸಮೇತ ನಿಮಿಷಗಳಲ್ಲೇ ಉದುರಿತು ಅಂತಲೂ ಹೇಳಿದರು. ಮೊದಲ ಸಲ ಇದೊಂದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಊಟಕ್ಕೆ ಮುಂಚೆ ಒಂದು ಚೀಟಿ ಬರೆದುಕೊಟ್ಟರು: ಮಾಂಸ, ಮೀನು, ಮೊಟ್ಟೆ ಬೇಡ, ಮೂಳೆ ಸಾರೂ ಬೇಡ, ಹಂದಿ ಕೊಬ್ಬೂ ಬೇಡ. ಸಸ್ಯಾಹಾರಕ್ಕೆ ಅಲ್ಲಿನ ಮಾತು "ಸು". ಅಡುಗೆಯವರ ಹತ್ತಿರವೇ ನಿಂತು ವಿಚಾರಿಸಿ ಲಿಯಾಂಗ್‌ಪಿ ಕೊಡಿಸಿದರು. ತಣ್ಣಗಿನ ಅಗಲ ನೂಡಲ್, ಸೌತೆಕಾಯಿ, ಮೊಳಕೆಕಾಳು, ಹುಳಿ, ಮೆಣಸಿನೆಣ್ಣೆ. ಆಯಿ ಎರಡನೇ ಬಟ್ಟಲು ಕೇಳಿದಳು.

ಸಂಜೆ ದಾಯಾನ್ ಗೋಪುರಕ್ಕೆ ಹೋದೆವು. ಮುಂದೆ ಭಿಕ್ಷುವಿನ ದೊಡ್ಡ ಪ್ರತಿಮೆ ಇದೆ. "ಹ್ಯೂಯೆನ್ ತ್ಸಾಂಗ್" ಅಂದೆ, ಅವರಿಗೆ ಅರ್ಥವಾಗಲಿಲ್ಲ. ಕೊನೆಗೆ "ಓ, ಶ್ವೆನ್‌ಜಾಂಗ್!" ಅಂತ ನಕ್ಕರು. ಆತ 645ರಲ್ಲಿ ಭಾರತದಿಂದ ತಂದ ಗ್ರಂಥಗಳನ್ನು ಇಡಲೆಂದು 652ರಲ್ಲಿ ಕಟ್ಟಿದ ಗೋಪುರ ಅದು. ನಮ್ಮ ಇಮ್ಮಡಿ ಪುಲಕೇಶಿಯ ಬಗ್ಗೆ ಆತ ಬರೆದಿದ್ದಾನೆ, ಹರ್ಷನಿಗೂ ಬಗ್ಗದ ರಾಜ ಅಂತ ಹೇಳಿದ್ದಾನೆ ಅಂದಾಗ ಗೈಡ್ ನಿಂತೇಬಿಟ್ಟರು. ಇಷ್ಟು ಹೊತ್ತು ಅವರು ಹೇಳಿದ್ದನ್ನು ನಾವು ಕೇಳಿದ್ದೆವು. ಈಗ ಅವರು ನೋಟ್‌ಬುಕ್ ತೆಗೆದು ಪುಲಕೇಶಿಯ ಹೆಸರನ್ನು ಎರಡು ಸಲ ಹೇಳಿಸಿಕೊಂಡು ಬರೆದುಕೊಂಡರು. ಅವನ ರಾಜಧಾನಿ ಬಾದಾಮಿ ಎಲ್ಲಿದೆ ಅಂತ ಕೇಳಿದರು. ಆಯಿ ಅಲ್ಲೇ ಕಟ್ಟೆ ಮೇಲೆ ಕೂತು, ಅಲ್ಲಿನ ಕೆಂಪು ಬಂಡೆ, ಗುಹೆ, ಕೆರೆ ಎಲ್ಲವನ್ನೂ ಕನ್ನಡದಲ್ಲೇ ವಿವರಿಸತೊಡಗಿದಳು. ನಾನು ಒಂದೊಂದೇ ಮಾತನ್ನು ಇಂಗ್ಲಿಷ್‌ಗೆ ತಿರುಗಿಸುತ್ತಾ ಹೋದೆ.